ಹಮೀದಾಕನ ಕುಂಟು ಕಾಲು

ನಡೆಯುವುದು ನನಗೆ ಅಂಥ ಕಷ್ಟವೇನಲ್ಲ. ನಡೆದದ್ದನ್ನು ನಡೆದ ಹಾಗೆಯೇ ಹೇಳುವುದು ಮಾತ್ರ ಬಹಳ ಕಷ್ಟ. ಲುಸೈಲಿನ ಆಫೀಸಿನಲ್ಲಿ ದಿನವಿಡೀ ಕುರ್ಚಿಗೆ ಅಂಟಿಕೊಂಡಿರುವ ಮನುಷ್ಯನಿಗೆ ಹೆಂಡತಿಯೆದುರು ಹೇಳಿಕೊಳ್ಳಲು ಒಂದು ಸಾಹಸವಾದರೂ ಬೇಡವೇ? ಅದಕ್ಕೇ ಈ ಚಳಿಗಾಲದಲ್ಲಿ ನಾನು, ಆಫೀಸಿನ ಇಬ್ಬರು ಗೆಳೆಯರು ಮತ್ತು ಹಮೀದಾಕ ಸೇರಿ ಕತಾರಿನ ಉತ್ತರದ ತುದಿಯಲ್ಲಿ, ಫುವೈರಿತ್‌ನಿಂದ ರುವೈಸ್ ಬಂದರಿನವರೆಗೆ, ಕಡಲ ದಡ ಹಿಡಿದು ನಡೆಯಲು ಹೊರಟೆವು. ಒಂದೇ ಉಸಿರಿಗೆ ನಡೆಯುವ ಶಕ್ತಿ ನನಗೆಲ್ಲಿದೆ? ಮೂರು ಶುಕ್ರವಾರಗಳಿಗೆ ಹಂಚಿಕೊಂಡೆವು.

ಹಮೀದಾಕ ಉಳ್ಳಾಲದವರು, ಅರವತ್ತರ ಹತ್ತಿರದವರು. ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮ ಮನೆಯ ಕೆಳಗೇ ಅವರ ದಿನಸಿ ಅಂಗಡಿ. ನಿಜ ಹೇಳಬೇಕೆಂದರೆ ನಾವು ಅವರನ್ನು ಕರೆದದ್ದು ಅವರ ಪಿಕಪ್ ಗಾಡಿಗಾಗಿ. ಆದರೆ ನಮ್ಮಲ್ಲಿ ನಡೆಯಲು ಬರುತ್ತಿದ್ದವರು ಅವರೊಬ್ಬರೇ ಎಂಬುದು ಮೊದಲ ದಿನವೇ ತಿಳಿಯಿತು. ನನಗೆ ಏದುಸಿರು ಬಂದಾಗಲೆಲ್ಲ ಅವರು ನಿಂತು, ಬಗ್ಗಿ, ಶೂ ಲೇಸ್ ಸರಿಮಾಡಿಕೊಳ್ಳುತ್ತಿದ್ದರು. ಅವರ ಶೂಗಳಿಗೆ ಲೇಸೇ ಇಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದದ್ದು ಮನೆಗೆ ಮರಳುವಾಗ.

ಎರಡನೆಯ ಶುಕ್ರವಾರ ಬಿಳಿಯ ಉಪ್ಪುಬಯಲೊಂದು ಎದುರಾಯಿತು. ಮೇಲೆ ಹಪ್ಪಳದಂಥ ಪದರ, ಅಡಿಯಲ್ಲಿ ಕೆಸರು. ಸುತ್ತಿ ಹೋಗುವ ಎಂದರು ನನಗಾಗಿ ಹಿಂದೆಯೇ ಉಳಿದಿದ್ದ ಹಮೀದಾಕ. ಗೆಳೆಯರಿಬ್ಬರು ಸುತ್ತಿಕೊಂಡು ಮುಂದೆ ಹೋಗಿ ಮರೆಯಾದರು. ಸದಾ ಹಿಂದುಳಿಯುವ ನನಗೆ ಅಂದು ಅವರಿಗಿಂತ ಮುಂಚೆ ತಲುಪುವ ಆಸೆ. ನೇರ ಹೊಕ್ಕೆ. ಇಪ್ಪತ್ತು ಹೆಜ್ಜೆಗೆ ಹಪ್ಪಳ ಮುರಿಯಿತು. ಎಡಗಾಲು ಎಳೆದರೆ ಬಲಗಾಲು ಇಳಿಯುತ್ತಿತ್ತು, ಬಲಗಾಲು ಎಳೆದರೆ ಎಡಗಾಲು. ಕೆಸರು ತೊಡೆಗೆ ಬಂದಾಗ ನಾನು ಕೂಗಿದ್ದು ಯಾವ ಭಾಷೆಯಲ್ಲೋ ನೆನಪಿಲ್ಲ.

“ಕಾಲು ಎಳೀಬೇಡಿ ಮಾರಾಯ್ರೆ. ಮೊದಲು ಕೂತ್ಕೊಳ್ಳಿ” ಎಂದರು ಹಮೀದಾಕ.

ಹೊಸ ಪ್ಯಾಂಟಿನಲ್ಲಿ ಕೆಸರಿನ ಮೇಲೆ ಕೂತೆ. ಅವರು ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ನನ್ನ ಕಾಲಿನ ಸುತ್ತ ಕೈಯಿಂದಲೇ ಅಗೆಯತೊಡಗಿದರು. ನಾನು ಹೆದರಬಾರದೆಂದು, ಚಿಕ್ಕಂದಿನಲ್ಲಿ ನೇತ್ರಾವತಿಯ ಅಳಿವೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಲು ಹೋಗಿ ತಾವೂ ಹೀಗೇ ಹೂತುಹೋಗಿದ್ದ ಕಥೆ ಹೇಳಿದರು. ಅರ್ಧ ಗಂಟೆ ಹಿಡಿಯಿತು. ಜುಮಾ ನಮಾಜಿಗೆ ತಡವಾಗುತ್ತಿತ್ತು. ಅವರು ಒಮ್ಮೆಯೂ ಗಡಿಯಾರ ನೋಡಲಿಲ್ಲ. ನಾವು ಮುಂದಿದ್ದವರನ್ನು ಸೇರಿಕೊಂಡಾಗಲೂ ಅವರು ಹೇಳಿದ್ದು ಇಷ್ಟೇ: ಸ್ವಲ್ಪ ಜಾರಿತು.

ಮನೆಯಲ್ಲಿ ನನ್ನ ಹೆಂಡತಿ ಸುಮಾ ಪ್ಯಾಂಟು ನೋಡಿ ಏನಾಯಿತೆಂದು ಕೇಳಿದಳು. ಹಮೀದಾಕ ಹೂತುಹೋಗಿದ್ದರು, ನಾನೇ ಎಳೆದು ತೆಗೆದೆ ಎಂದುಬಿಟ್ಟೆ. ಬಾಯಿ ನನ್ನನ್ನು ಕೇಳಲೇ ಇಲ್ಲ.

ಸೋಮವಾರ ಅಂಗಡಿಗೆ ಹೋದಾಗ ಸುಮಾ ಹಮೀದಾಕನ ಕಾಲಿನ ಬಗ್ಗೆ ವಿಚಾರಿಸಿದಳು. ಪಕ್ಕದಲ್ಲೇ ನಿಂತಿದ್ದ ನನಗೆ ಮತ್ತೊಮ್ಮೆ ಹೂತುಹೋಗುವುದು ವಾಸಿ ಎನಿಸಿತು. ಹಮೀದಾಕ ನನ್ನನ್ನೊಮ್ಮೆ ನೋಡಿದರು.

“ಇವರು ಇದ್ದದ್ದಕ್ಕೆ ಉಳಿದೆ ತಂಗಿ” ಎಂದು ಹೇಳಿ, ಕುಂಟುತ್ತ ಹೋಗಿ ತೆಂಗಿನೆಣ್ಣೆ ತಂದುಕೊಟ್ಟರು.

ಗುರುವಾರವೂ ಕುಂಟಿದರು. ಮನೆಗೆ ಬಂದು ಸುಮಾ, ಆ ಕಾಲಿನಲ್ಲಿ ಅವರು ನಾಳೆ ನಡೆಯುವುದು ಬೇಡ, ತಾನೇ ಫೋನ್ ಮಾಡಿ ಹೇಳುತ್ತೇನೆ ಎಂದಳು. ಅವರು ಒಪ್ಪಿಕೊಂಡುಬಿಡುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಮಾನ ಉಳಿಸಲು ಆ ಮನುಷ್ಯ ರುವೈಸನ್ನೇ ಬಿಟ್ಟುಕೊಡುತ್ತಾರೆ. ಫೋನ್ ಕೆಳಗಿಡು ಎಂದೆ. ಎಲ್ಲವನ್ನೂ ಹೇಳಿದೆ, ಕೂಗಿದ್ದನ್ನೂ ಸೇರಿಸಿ.

ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಲಿಲ್ಲ.

“ಗೊತ್ತಿತ್ತು ರೀ. ಸೋಮವಾರ ಅವರಿಗೆ ಎಡಗಾಲು ನೋಯ್ತಿತ್ತು, ಇವತ್ತು ಬಲಗಾಲು. ನಿಮ್ಮ ಬಾಯಿಂದ ಯಾವಾಗ ಬರುತ್ತೆ ಅಂತ ಕಾಯ್ತಿದ್ದೆ.”

ಮರುದಿನ ಹಮೀದಾಕನೇ ಎಲ್ಲರಿಗಿಂತ ಮುಂಚೆ ರುವೈಸ್ ತಲುಪಿದರು. ನಾನು ಎಂದಿನಂತೆ ಕೊನೆಯವನು. ಆದರೆ ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು ಬೇರೆಯೇ ಚಿಂತೆ. ಮದುವೆಯಾದಂದಿನಿಂದ ನಾನು ಸುಮಾಳಿಗೆ ಹೇಳಿರುವ ಸಾಹಸಗಳು ಒಂದೆರಡಲ್ಲ. ಅವುಗಳಲ್ಲಿ ಯಾವ ಯಾವುದಕ್ಕೆ ಅವಳು ಇನ್ನೂ ಕಾಯುತ್ತಿದ್ದಾಳೋ!