ಐದು ಜನ, ಒಂದು ಬಚ್ಚಲು

ತಾತ: ಲೆಕ್ಕ ಅಂದ್ಮೇಲೆ ಉತ್ತರ ಒಂದೇ ಕಣೇ. ಎರಡಿದ್ರೆ ಅದು ಲೆಕ್ಕ ಅಲ್ಲ, ಜಗಳ.

ಪುಟ್ಟಿ: ನಮ್ಮ ಟೀಚರ್ ಹಾಗೆ ಹೇಳಿಲ್ಲ ತಾತ. ನಿಮ್ಮನೇಲಿರೋ ಒಂದು ತೊಂದರೆ ಹಿಡ್ಕೊಳ್ಳಿ, ನೀವೇ ಅಳೀರಿ, ನೀವೇ ದಾರಿ ಹುಡುಕಿ ಅಂದಿದಾರೆ. ಎಷ್ಟು ದಾರಿ ಸಿಕ್ರೂ ಸರಿಯಂತೆ.

ಮೂವತ್ತಾರು ವರ್ಷ ಗಣಿತದ ಮೇಷ್ಟ್ರಾಗಿದ್ದ ನಮ್ಮ ಯಜಮಾನರಿಗೆ ಹಲ್ಲಿಗೆ ಕಲ್ಲು ಸಿಕ್ಕಂತಾಯಿತು. ಮದುವೆಯಾದ ಹೊಸದರಲ್ಲಿ ನನ್ನನ್ನೂ ಹದಿನೇಳರ ಮಗ್ಗಿ ಕೇಳಿದವರು ಇವರು. ನಾನು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಅದಿರಲಿ. ಪುಟ್ಟಿ ನನ್ನ ಮೊಮ್ಮಗಳು, ಮೂರನೇ ತರಗತಿ. ಅವಳು ಹಿಡಿದ ತೊಂದರೆ ನಮ್ಮ ಬಚ್ಚಲು. ಐದು ಜನರಿಗೆ ಅದೊಂದೇ, ಬೆಳಗ್ಗೆ ಇರುವುದು ಒಂದೇ ಗಂಟೆ. ಹಾಗಾಗಿ ಈ ವಾರ ಎರಡು ಸಲ ಅವಳು ಶಾಲೆಗೆ ತಡ. ಮೂರನೇ ಸಲವಾದರೆ ಶಾಲೆಯ ಗಿಡಗಳಿಗೆ ನೀರು ಹಾಕುವ ಕೆಲಸ ಬೇರೆಯವರ ಪಾಲು. ಮಗುವಿನ ಜೀವವೆಲ್ಲ ಅಲ್ಲಿನ ಟೊಮೆಟೊ ಗಿಡದಲ್ಲೇ ಇದೆ.

ತಾತ: ಅರವತ್ತು ನಿಮಿಷ, ಐದು ಜನ. ತಲೆಗೆ ಹನ್ನೆರಡು. ಮುಗೀತು, ಬರ್ಕೋ.

ಪುಟ್ಟಿ: ನೀನು ಹನ್ನೆರಡಕ್ಕೆ ಆಚೆ ಬರ್ತೀಯಾ?

ತಾತ: ಲೆಕ್ಕದಲ್ಲಿ ಬರ್ತೀನಿ.

ನಾನು: ಲೆಕ್ಕದಲ್ಲಿ ಬಂದ್ರೆ ಸಾಕಾ, ಬಾಗಿಲಿಂದಲೂ ಬರ್ಬೇಕು. ಪೇಪರ್ ತಗೊಂಡು ಒಳಗೆ ಹೋಗೋರು ನೀವು. ಮಗು ಹೇಳೋದೇ ಸರಿ. ಹೊಸ ಪದ್ಧತೀಲಿ ತಲೆ ಓಡುತ್ತೆ.

ತಾತ: ಮಗ್ಗಿ ಬಾರದೋಳು ಹೇಳ್ತಾಳೆ, ಕೇಳ್ಕೋ.

ಪುಟ್ಟಿ ಚೀಲದಿಂದ ಒಂದು ಹಾಳೆ ತೆಗೆದಳು. ವಾರವಿಡೀ ಬಚ್ಚಲಿನ ಹೊರಗೆ ಗಡಿಯಾರ ಹಿಡಿದು ಕೂತು ಬರೆದದ್ದಂತೆ. ಯಜಮಾನರ ಮುಖ ಇಳಿಯುವುದನ್ನು ನೋಡೋಣವೆಂದು ನಾನು ಆರಾಮಾಗಿ ಒರಗಿ ಕೂತೆ.

ಪುಟ್ಟಿ: ಅಪ್ಪ ಹತ್ತು. ಅಮ್ಮ ಎಂಟು. ನಾನು ಏಳು. ತಾತ ಹದಿನೈದು.

ನಾನು: ಹದಿನೈದೇನಾ? ಸರಿಯಾಗಿ ನೋಡೇ.

ಪುಟ್ಟಿ: ಅಜ್ಜಿ ಮೂವತ್ತೈದು.

ನಾನು ನೆಟ್ಟಗೆ ಕೂತೆ.

ನಾನು: ನಿನ್ನ ಗಡಿಯಾರ ಕೆಟ್ಟಿದೆ.

ಪುಟ್ಟಿ: ಏಳು ನಿಮಿಷ ಚೊಂಬಿನ ಸದ್ದು. ಆಮೇಲೆ ಇಪ್ಪತ್ತೆಂಟು ನಿಮಿಷ ಸದ್ದೇ ಇಲ್ಲ ಅಜ್ಜಿ.

ತಾತ: ಈ ಹೊಸ ಪದ್ಧತಿ ಅಷ್ಟೇನೂ ಕೆಟ್ಟದಲ್ಲ ಕಣೇ. ತಲೆ ಓಡುತ್ತೆ.

ನಾನು: ಯಾವ ತಲೆ? ಲೆಕ್ಕ ಅಂದ್ಮೇಲೆ ಉತ್ತರ ಒಂದೇ. ತಲೆಗೆ ಹನ್ನೆರಡು, ಬರ್ಕೋ.

ಪುಟ್ಟಿ: ಅಷ್ಟು ಹೊತ್ತು ಏನು ಮಾಡ್ತೀಯ ಅಜ್ಜಿ?

ನಾನು: ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿರ್ತೀನಿ. ಈ ಮನೇಲಿ ನನ್ನನ್ನ ಯಾರೂ ಕೂಗದ ಜಾಗ ಅದೊಂದೇ ಕಣೇ. ಹೊರಗೆ ಕಾಲಿಟ್ರೆ ಕನ್ನಡಕ ಎಲ್ಲಿ, ಸಾಕ್ಸ್ ಎಲ್ಲಿ, ಡಬ್ಬಿ ಮುಚ್ಚಳ ಎಲ್ಲಿ.

ಯಜಮಾನರು ಮೂಗಿನ ಮೇಲಿದ್ದ ಕನ್ನಡಕ ತೆಗೆದು ಒರೆಸತೊಡಗಿದರು. ಕನ್ನಡಕ ಕೇಳುವವರು ಅವರೇ. ಪುಟ್ಟಿ ಪೆನ್ಸಿಲಿನ ಹಿಂಬದಿ ಕಚ್ಚಿ, ಆಮೇಲೆ ಹಾಳೆಯಲ್ಲಿ ನನ್ನ ಮೂವತ್ತೈದನ್ನು ಹೊಡೆದು ಏಳು ಎಂದು ಬರೆದಳು.

ಪುಟ್ಟಿ: ಹಾಗಾದ್ರೆ ನಮ್ಮನೇಲಿ ಬಚ್ಚಲು ಕಮ್ಮಿ ಅಲ್ಲ, ಚಿಲಕ ಕಮ್ಮಿ. ಸಾಮಾನು ಕೋಣೆಗೆ ಒಳಗಿಂದ ಒಂದು ಚಿಲಕ, ಒಂದು ಸ್ಟೂಲು. ಅಜ್ಜಿ ಅಲ್ಲಿ ಕೂತ್ಕೊಳ್ಳಲಿ. ಆಗ ಬಚ್ಚಲಿಗೆ ಎಲ್ಲರದೂ ಸೇರಿ ನಲವತ್ತೇಳು ನಿಮಿಷ. ಹದಿಮೂರು ಉಳಿಯುತ್ತೆ.

ಯಜಮಾನರು ಎರಡು ಸಲ ಕೂಡಿ ನೋಡಿದರು. ತಪ್ಪು ಸಿಗಲಿಲ್ಲ. ಚಿಲಕ ಹಾಕಲು ಅವರೇ ಎದ್ದರು, ಸ್ಕ್ರೂಡ್ರೈವರ್ ಎಲ್ಲಿದೆ ಎಂದು ನನ್ನನ್ನು ಕೂಗಿ ಕೇಳಿದರು.

ಮರುದಿನ ಪುಟ್ಟಿ ಹೊತ್ತಿಗೆ ಮುಂಚೆಯೇ ಶಾಲೆಗೆ ಓಡಿದಳು. ನಾನು ಸಾಮಾನು ಕೋಣೆಯಲ್ಲಿ ಚಿಲಕ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು ಕಾಲು ಚಾಚಿದ್ದೆ. ಬಾಗಿಲು ಟಕ್ ಟಕ್ ಎಂದಿತು.

ತಾತ: ಪೇಪರ್ ಹಿಡ್ಕೊಂಡು ನಿಂತಿದೀನಿ. ನನಗೂ ಸ್ವಲ್ಪ ಹೊತ್ತು ಬೇಕು ಆ ಕೋಣೆ. ಇನ್ನೆಷ್ಟು ನಿಮಿಷ, ಒಂದು ಉತ್ತರ ಹೇಳು.

ನಾನು: ಅಲ್ಲೇ ನಿಂತು ಹದಿನೇಳರ ಮಗ್ಗಿ ಹೇಳ್ಕೊಳ್ಳಿ. ಮುಗಿದ್ಮೇಲೆ ಹದಿನೆಂಟರದ್ದು.