ತಂತಿ ಇಲ್ಲದ ಗುಟ್ಟು

ಜೇವರ್ಗಿಯ ಶಿವರಾಯ ಮುಂಜಾನೆ ನಳದ ಕೆಳಗೆ ಕೊಡ ಇಟ್ಟು ನಿಂತಿದ್ದ. ಕೊಡ ಅರ್ಧ ತುಂಬುವಷ್ಟರಲ್ಲಿ ಎದುರುಮನೆ ಬಸವಂತರಾಯನ ಬಾಗಿಲಿಗೆ ಟೆಂಪೊ ಬಂತು. ಅದರಿಂದ ಇಳಿದ ಡಬ್ಬಿಯ ಮೇಲೆ ಬಣ್ಣದ ಟಿವಿಯ ಚಿತ್ರವಿತ್ತು. ಇತ್ತ ಕೊಡ ತುಂಬಿ ಹರಿದು ಚಪ್ಪಲಿ ತೇಲಿಹೋದರೂ ಶಿವರಾಯನಿಗೆ ಖಬರಿಲ್ಲ.

ಪಾಪ, ಹೊಟ್ಟೆ ಉರಿಯದೆ ಏನಾದೀತು? ಭಾನುವಾರ ಬಂತೆಂದರೆ ಓಣಿಯೆಲ್ಲ ಬಸವಂತರಾಯನ ಕಪ್ಪು-ಬಿಳುಪು ಟಿವಿಯ ಮುಂದೆ. ಶಿವರಾಯನ ಹೆಂಡತಿ, ಮಗಳೂ ಅಲ್ಲೇ. ಅವರನ್ನೆಲ್ಲ ತನ್ನ ಪಡಸಾಲೆಗೆ ಸೆಳೆಯಲೆಂದು ಓಣಿಯ ಮೊದಲ ಬಣ್ಣದ ಟಿವಿ ತಾನೇ ತರುವವನಿದ್ದ. ಗುಲಬರ್ಗಾದ ಟಿವಿ ಅಂಗಡಿಯ ಗೆಳೆಯ ಉಸ್ಮಾನಸಾಬನಿಗೆ ಮಾಳಿಗೆಯ ಮೇಲಿಂದ ಗುಟ್ಟಾಗಿ ಫೋನಿನಲ್ಲಿ ಹೇಳಿಯೂ ಆಗಿತ್ತು. ಗುಟ್ಟು ಉಳಿಯಲೆಂದೇ ಮುಂಬಯಿಯಿಂದ ತಂತಿ ಇಲ್ಲದ ಫೋನು ತರಿಸಿದ್ದ. "ತಂತಿ ಇದ್ರ ಯಾರರ ನಡುವ ಕಿವಿ ಇಡ್ತಾರ. ತಂತಿನೇ ಇಲ್ಲಂದ್ರ ಎಲ್ಲಿ ಇಡ್ತಾರ?" ಎಂಬುದು ಅವನ ನಂಬಿಕೆ.

ಒಳಗೆ ಹೋದವನೇ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸುಮಿತ್ರಾಬಾಯಿಯ ಮೇಲೆ ಹರಿಹಾಯ್ದ. "ಟಿವಿ ಸುದ್ದಿ ಯಾರ ಮುಂದ ಬಾಯಿ ಬಿಟ್ಟಿ?"

"ಯಾವ ಟಿವಿರಿ? ನನಗೇ ಹೇಳಿಲ್ಲ ನೀವು, ನಾ ಏನ್ ಬಾಯಿ ಬಿಡ್ಲಿ?"

"ಅಪ್ಪಾ, ಒಂದು ಮಾತು ಕೇಳ್ಲೇನು?" ಮಗಳು ನೀಲಾ ಅಂಗಿ ಜಗ್ಗಿದಳು.

"ದೊಡ್ಡೋರ ಮಾತಿನ್ಯಾಗ ಬರಬ್ಯಾಡ!"

ಹೆಂಡತಿಯಲ್ಲದಿದ್ದರೆ ಫೋನಿನ ಲೈನ್‌ಮನ್ನೇ ಇರಬೇಕು. ಶಿವರಾಯ ಅವನನ್ನು ಬೀದಿಯಲ್ಲೇ ಹಿಡಿದ. "ಏನಪಾ ಗುಡುಸಾಬ, ಕಂಬ ಹತ್ತಿ ನನ್ನ ಮಾತು ಕೇಳಾಕತ್ತಿಯೇನು?"

"ಅರೆ ರಾಯರ, ನಿಮ್ಮ ಮಾತು ಕೇಳಾಕ ಕಂಬ ಯಾಕ ಹತ್ತಬೇಕ್ರಿ?" ಗುಡುಸಾಬ ನಗುತ್ತ ಸೈಕಲ್ ತುಳಿದ.

ಮಧ್ಯಾಹ್ನ ಹೊಸ ಟಿವಿ ನೋಡಲು ಓಣಿಯೆಲ್ಲ ಎದುರುಮನೆಗೆ ನುಗ್ಗಿತು. ಸುಮಿತ್ರಾಬಾಯಿ, ನೀಲಾ ಕೂಡ ಹೋದರು. ಒಂಟಿಯಾದ ಶಿವರಾಯ ಫೋನು ಹಿಡಿದು ಮಾಳಿಗೆ ಹತ್ತಿದ.

"ಉಸ್ಮಾನ, ಟಿವಿ ಜೋಡಿ ವಿಸಿಆರೂ ಕಳಸೋ. ರಾತ್ರಿ ಪಿಚ್ಚರ್ ಹಚ್ಚಿದ್ರ ಆ ಬಸವಂತ್ಯಾನ ಮನಿಯಾಗ ನೊಣ ಸೈತ ಉಳಿಬಾರದು. ಬಣ್ಣದ ಟಿವಿ ತಂದಾನ! ಅವನ ಮಾರಿ ನೋಡಿದ್ರ ಟಿವಿನೇ ಬಣ್ಣ ಬಿಡ್ತದ."

ಎದುರುಮನೆಯಿಂದ ಗೊಳ್ಳೆಂದು ನಗೆ ಕೇಳಿತು. ಏನೋ ನಗೆಯ ಕಾರ್ಯಕ್ರಮ ಬರುತ್ತಿದೆ ಎಂದುಕೊಂಡ ಶಿವರಾಯ ಇನ್ನಷ್ಟು ಉರಿದು ದನಿ ಏರಿಸಿದ. "ನಮ್ಮಾಕಿಗೆ ಮಾತ್ರ ಹೇಳಬ್ಯಾಡ. ಆಕಿ ಬಾಯಿ ಅಂದ್ರ ಹಲಗಿ. ಇಲ್ಲಿ ಬಡಿದ್ರ ಅಫಜಲಪುರದಾಗ ಕೇಳ್ತದ!"

ನಗೆ ಥಟ್ಟನೆ ನಿಂತಿತು. ಸ್ವಲ್ಪ ಹೊತ್ತಿಗೆ ಬಸವಂತರಾಯನ ಮಗ ಮೋಟಾರ್ ಸೈಕಲ್ ಹತ್ತಿ ಗುಲಬರ್ಗಾದ ಕಡೆ ಹೋದ. ಸಂಜೆ ಅವನು ಮರಳಿದಾಗ ಹಿಂದಿನ ಸೀಟಿಗೆ ಕಟ್ಟಿದ್ದದ್ದು ವಿಸಿಆರ್.

ಶಿವರಾಯನಿಗೆ ಇನ್ನು ತಡೆಯಲಾಗಲಿಲ್ಲ. ನೆಟ್ಟಗೆ ಎದುರುಮನೆಗೆ ನುಗ್ಗಿದ.

"ಬರ್ರಿ ಶಿವರಾಯರ, ಕುಂದರ್ರಿ," ಬಸವಂತರಾಯ ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. "ನಿಮ್ಮಿಂದ ನಮ್ಮ ಮನಿಗೆ ಕಳೆ ಬಂದದ."

ಶಿವರಾಯ ಹೆಂಡತಿಯತ್ತ ನೋಡಿದ. "ಏಳು, ಮನಿಗೆ ನಡಿ."

"ಹಲಗಿ ಇವತ್ತ ಇಲ್ಲೇ ಇರ್ತದ," ಎಂದಳು ಸುಮಿತ್ರಾಬಾಯಿ, ಗೋಡೆಯ ಕಡೆ ಮುಖ ತಿರುಗಿಸಿ. "ರೊಟ್ಟಿ ನೀವೇ ಬಡಕೋರಿ."

ಶಿವರಾಯ ಓಣಿಯವರ ಕಡೆ ತಿರುಗಿದ. "ಯಾರು ಹೇಳಿದ್ರು ಇದನ್ನ? ನನ್ನ ಗುಟ್ಟು ಹೊರಗ ಹಾಕೋ ಕಳ್ಳ ಯಾರು, ಈಗಿಂದೀಗ ಗೊತ್ತಾಗಬೇಕು!"

ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಮುಂದಿನ ಸಾಲಿನಿಂದ ನೀಲಾ ಎದ್ದು ನಿಂತಳು.

"ಅಪ್ಪಾ, ನೀ ಮಾಳಗಿ ಮ್ಯಾಲ ಫೋನ್ ಹಿಡಿದಾಗೆಲ್ಲ ಇವರ ಟಿವಿಯಾಗ ಯಾಕ ಮಾತಾಡ್ತಿ?"