ಸೋಲಿಗೆ ಹೊಡೆದ ಪಟಾಕಿ

ಸುಳ್ಳು ಹೇಳಿ ಸಿಕ್ಕಿಬಿದ್ದವನ ಕಷ್ಟ ಎಲ್ಲರಿಗೂ ಗೊತ್ತಿರುವಂಥದ್ದು. ಸುಳ್ಳು ಹೇಳಿ ಹಾರ ಹಾಕಿಸಿಕೊಂಡವನ ಕಷ್ಟ ಬೇರೆ. ಅವನನ್ನು ಬೈಯುವವರೂ ಇಲ್ಲ, ಸಮಾಧಾನ ಮಾಡುವವರೂ ಇಲ್ಲ. ನನ್ನ ಕೊರಳಿಗೆ ಅಂಥದೊಂದು ಹಾರ ಬಿದ್ದಿದೆ. ಚೆಂಡು ಹೂವಿನದು, ದಾರ ಕುತ್ತಿಗೆಗೆ ಚುಚ್ಚುತ್ತಿತ್ತು. ಹಾಕಿದವರು, ಚಪ್ಪಾಳೆ ತಟ್ಟಿದವರು ಎಲ್ಲರೂ ಮರಾಠಿ ಓದುವವರು. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಆ ಒಂದು ಧೈರ್ಯದಿಂದ ಈ ತಪ್ಪೊಪ್ಪಿಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ಅಕ್ಕಲಕೋಟದಿಂದ ಸೋಲಾಪುರಕ್ಕೆ ಓಡಾಡುವ ಸರಕಾರಿ ಬಸ್ಸಿನ ಕಂಡಕ್ಟರ್. ಜಾತ್ರೆಯಂಥ ಗದ್ದಲದಲ್ಲೂ ಯಾರು ಟಿಕೀಟು ತೆಗೆದಿದ್ದಾರೆ, ಯಾರು ತೆಗೆದವರಂತೆ ಕಿಟಕಿಯಾಚೆ ನೋಡುತ್ತಿದ್ದಾರೆ ಎಂದು ಹಿಂದಿನಿಂದ ಬರೀ ತಲೆ ನೋಡಿ ಹೇಳಬಲ್ಲೆ. ಈ ಜಂಬ ನನಗೆ ಬಹಳ ವರ್ಷದಿಂದ ಇತ್ತು. ನನ್ನ ಒಬ್ಬಳೇ ಮಗಳು ರೇಣುಕಾ ಸೋಲಾಪುರದ ಹಾಸ್ಟೆಲಿನಲ್ಲಿದ್ದು ಓದುವಾಗ ಬಾಕ್ಸಿಂಗ್ ಹಿಡಿದಳು. ಹನ್ನೂರಿನಲ್ಲಿ ಕುರಿ ಕಾಯ್ದ ಮನೆತನ ನಮ್ಮದು, ಹೊಡೆದಾಟ ಹೊಸದಲ್ಲ. ಆದರೆ ಗಂಟೆ ಬಾರಿಸಿ ಶುರು ಮಾಡಿ, ನಡುವೆ ಸ್ಟೂಲು ಹಾಕಿ ಕೂರಿಸಿ, ನೀರು ಕುಡಿಸಿ, ಬೆವರು ಒರೆಸಿ ಮತ್ತೆ ಹೊಡೆದುಕೊಳ್ಳಲು ಕಳಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸೋಲಾಪುರದ ಬಸ್ ಸ್ಟ್ಯಾಂಡಿನಿಂದ ಅವಳು ಆಡುವ ಮೈದಾನ ಹತ್ತು ನಿಮಿಷದ ದಾರಿ. ಪ್ರತಿ ಸಲವೂ ಕರೆಯುತ್ತಿದ್ದಳು. ನಾನು ಪ್ರತಿ ಸಲವೂ ಡ್ಯೂಟಿಯ ನೆಪ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಮಗಳಿಗೆ ಏಟು ಬೀಳುವುದನ್ನು ಕೂತು ನೋಡುವ ಎದೆ ನನಗಿರಲಿಲ್ಲ. ಹಾಗಾಗಿ ಅವಳು ಆಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಹೀಗಿರುವಾಗ ಅವಳು ಹೊರದೇಶದಲ್ಲಿ ನಡೆಯುವ ದೊಡ್ಡ ಕ್ರೀಡಾಕೂಟಕ್ಕೆ ಆಯ್ಕೆಯಾದಳು. ಹತ್ತಾರು ದೇಶದವರು ಸೇರಿ ಓಡುವ, ಈಜುವ, ಗುದ್ದುವ ಕೂಟ. ನಮ್ಮ ಓಣಿಯವರು ಅಕ್ಕಲಕೋಟದ ಬಸ್ ಸ್ಟ್ಯಾಂಡಿನ ಎದುರಿಗೆ ಅವಳ ಫ್ಲೆಕ್ಸ್ ಕಟ್ಟಿದರು. ರಾಜ್ಯಮಟ್ಟದಲ್ಲಿ ಗೆದ್ದಾಗಿನ ಫೋಟೋ, ಕೆಂಪು ಬನಿಯನ್, ಕೆಂಪು ಗ್ಲೌಸು. ದಿನಕ್ಕೆ ನಾಲ್ಕು ಸಲ ಆ ಫ್ಲೆಕ್ಸಿನ ಮುಂದೆ ಬಸ್ಸು ತಿರುಗುವಾಗ ನನ್ನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತು: ರೇಣುಕಾ ಎಂದರೆ ಕೆಂಪು. ಆ ಆಟದಲ್ಲಿ ಇವತ್ತು ಕೆಂಪು ಹಾಕಿಕೊಂಡವಳು ನಾಳೆ ನೀಲಿ ಹಾಕಿಕೊಳ್ಳಬಹುದು, ಬಣ್ಣ ಚೀಟಿಯಲ್ಲಿ ಬರುತ್ತದೆ ಎಂದು ನನಗೆ ಯಾರು ಹೇಳಬೇಕು.

ಪಂದ್ಯದ ದಿನ ಮಧ್ಯಾಹ್ನ ಹನ್ನೂರಿನಿಂದ ನಮ್ಮ ಅಣ್ಣ ಸಿದ್ರಾಮ ಐದಾರು ಜನರನ್ನು ಕಟ್ಟಿಕೊಂಡು, ಪೇಢೆ, ಪಟಾಕಿ ಸಮೇತ ಬಂದ. ಮೊಬೈಲಿನಿಂದ ಟಿವಿಗೆ ಹಚ್ಚುವುದರಲ್ಲಿ ಮೊದಲ ಗಂಟೆ ಬಾರಿಸಿಯಾಗಿತ್ತು. ಅಷ್ಟರಲ್ಲಿ ನಮ್ಮವ್ವ ಎದ್ದು, ಮನೆದೇವರು ಬೀರೋಬಾನ ಹೆಸರು ಹೇಳಿ, ಹಿಡಿ ಭಂಡಾರ ತಂದು ಟಿವಿಯ ಕೆಳಗಿನ ಅಂಚಿಗೆ ಉದ್ದಕ್ಕೆ ಬಳಿದಳು. ಆಡುವವರ ಹೆಸರು, ದೇಶ, ಅಂಕ ಎಲ್ಲ ಬರುವುದು ಅದೇ ಪಟ್ಟಿಯಲ್ಲಿ. ದೇವರ ಅರಿಸಿನ, ಒರೆಸುವವರು ಯಾರು. ಉಳಿದದ್ದು ಇಬ್ಬರು ಹುಡುಗಿಯರು. ಇಬ್ಬರಿಗೂ ತಲೆಗೆ ದಪ್ಪನೆಯ ಕವಚ, ಬಾಯಲ್ಲಿ ರಬ್ಬರು, ಒಂದೇ ಎತ್ತರ, ಒಂದೇ ಮೈಬಣ್ಣ. ನೆಟ್ಟು ಬೇರೆ ನಿಂತು ನಿಂತು ಬರುತ್ತಿತ್ತು.

ಕೆಂಪು ಹುಡುಗಿ ಭಾಳ ಚೆನ್ನಾಗಿ ಆಡಿದಳು. ಅದನ್ನು ಈಗಲೂ ಹೇಳುತ್ತೇನೆ. ನೀಲಿ ಹುಡುಗಿಗೆ ಏಟು ಬಿದ್ದಾಗಲೆಲ್ಲ ನಾನು ಕುರ್ಚಿಯಿಂದ ಏಳುತ್ತಿದ್ದೆ. "ಹೊಡಿ ಮಗಳ, ಬಿಡಬ್ಯಾಡ ಆಕಿನ್ನ, ಇನ್ನೊಂದು ಹಾಕು," ಎಂದು ಕೂಗುತ್ತಿದ್ದೆ. ಇಷ್ಟು ವರ್ಷ ಇದನ್ನು ನೋಡಲು ಹೆದರಿದ್ದಕ್ಕೆ ನಾಚಿಕೆಯೂ ಆಯಿತು. ಬಾಗಿಲ ಹತ್ತಿರ ನಿಂತಿದ್ದ ನನ್ನ ಹೆಂಡತಿ ಕಸ್ತೂರಿ ಮೆಲ್ಲಗೆ, "ರೀ, ನೀಲಿ ಹುಡುಗಿ ನಮ್ಮಾಕಿ ಅದಾಳ ಅನಸ್ತದರಿ. ಏಟ ಬಿದ್ದಕೂಡ್ಲೆ ಮೂಗು ಹೆಗಲಿಗೆ ಒರಸ್ಕೊಂಡ್ಲು, ನೋಡ್ರಿ," ಎಂದಳು. ಚಿಕ್ಕಂದಿನಲ್ಲಿ ಬೈಸಿಕೊಂಡಾಗ ರೇಣುಕಾ ಹಾಗೆ ಮಾಡುತ್ತಿದ್ದದ್ದು ನಿಜ. "ನಿನಗೇನ್ ತಿಳೀತದ, ಸುಮ್ನ ನಿಂದರ," ಎಂದೆ. ಅವಳು ಅಡುಗೆಮನೆಗೆ ಹೋದಳು.

ಕೊನೆಯ ಗಂಟೆ ಬಾರಿಸಿದ್ದೇ ಚಿತ್ರ ನಿಂತುಹೋಯಿತು, ದನಿ ಮಾತ್ರ ಬರುತ್ತಿತ್ತು. ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಅದರಲ್ಲಿ 'ರೆಡ್' ಎಂಬ ಒಂದೇ ಶಬ್ದ ನಮಗೆಲ್ಲ ಅರ್ಥವಾಯಿತು. "ಝಾಲಂ, ಜಿಂಕಲಿ," ಎಂದು ಅಣ್ಣ ಪಟಾಕಿ ಹಿಡಿದು ಓಣಿಗೆ ಓಡಿದ. ಗೆಲುವನ್ನು ಮರಾಠಿಯಲ್ಲಿ ಸಾರಿ, ಪೇಢೆಯನ್ನು ಕನ್ನಡದಲ್ಲಿ ಹಂಚಿದೆವು. ಅರ್ಧ ಗಂಟೆಯಾದ ಮೇಲೆ ಅವನು ಎರಡನೇ ಸರಕ್ಕೆ ಕಡ್ಡಿ ಗೀರುವ ಹೊತ್ತಿಗೆ ನನಗೆ ರೇಣುಕಾಳ ಫೋನು ಬಂತು.

"ಅಪ್ಪಾ, ನೋಡಿದಿ?"

"ನೋಡಿದ್ನಿ ಮಗಳ," ಎಂದೆ.

"ಸೋತ್ನಿ ಅಪ್ಪಾ. ಐದೂ ಮಂದಿ ಜಡ್ಜ್ ಆಕಿಗೇ ಕೊಟ್ರು." ಆಗಲೇ ಸರ ಹತ್ತಿಕೊಂಡಿತು. "ಅದೇನು ಸಪ್ಪಳ? ಪಟಾಕಿ ಯಾಕ ಹೊಡ್ಯಾಕತ್ಯಾರ?"

ಬಸ್ಸು ಯಾಕೆ ತಡವಾಯಿತು ಎಂದು ಕೇಳಿದವರಿಗೆಲ್ಲ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಟ್ಟು ಪಳಗಿದ ನಾಲಿಗೆ ನನ್ನದು. "ನಿನಗ ಮಗಳ," ಎಂದೆ. "ಅಷ್ಟು ದೂರ ಹೋಗಿ ಅಂಥಾಕಿ ಮುಂದ ಮೂರು ರೌಂಡ ನಿಂತಿ. ಸೋತ್ರ ಏನಾತು. ಅದಕ್ಕ ಪಟಾಕಿ." ಆ ಕಡೆಯಿಂದ ಅಳುವುದು ಕೇಳಿಸಿತು. ಕೋಚು ಬೈದಾಗಲೂ ಅತ್ತಿರಲಿಲ್ಲವಂತೆ. "ಇದ ಕಡೀದು, ಬಿಟ್ಟುಬಿಡಬೇಕಂತ ಮಾಡಿದ್ನಿ ಅಪ್ಪಾ," ಎಂದಳು. "ಈಗ ಬಿಡಂಗಿಲ್ಲ." ಫೋನು ಇಟ್ಟು ಅಡುಗೆಮನೆಗೆ ಹೋದೆ. ಕಸ್ತೂರಿ ಒಲೆ ಆರಿಸಿ, ಗೋಡೆಗೆ ಮುಖ ಮಾಡಿ ಕೂತಿದ್ದಳು. ಅಷ್ಟು ಜನರಲ್ಲಿ ಮಗಳ ಜೊತೆ ಸೋತವಳು ಅವಳೊಬ್ಬಳೇ. ನಾವೆಲ್ಲ ಗೆದ್ದವರ ಕಡೆಗಿದ್ದೆವು.

ಪಟಾಕಿ ಯಾಕೆ ಹೊಡೆದೆವೆಂದು ಯಾರ ಮುಂದೆಯೂ ಬಾಯಿ ಬಿಡಬೇಡಿರೆಂದು ಅಣ್ಣನಿಗೂ ಓಣಿಯವರಿಗೂ ಕೈಮುಗಿದಿದ್ದೆ. ರೇಣುಕಾ ಊರಿಗೆ ಬಂದ ಮೇಲೆ ತಾಲೂಕಿನವರು ಸತ್ಕಾರ ಇಟ್ಟುಕೊಂಡರು. ಅವಳು ಮೈಕಿನ ಮುಂದೆ ನಿಂತು ಪಟಾಕಿಯ ಕಥೆಯನ್ನು ಮರಾಠಿಯಲ್ಲಿ ಹೇಳಿದಳು. ಅಧ್ಯಕ್ಷರು ಕಣ್ಣೊರೆಸಿಕೊಂಡು, ನನ್ನನ್ನು ಮೇಲೆ ಕರೆಸಿ, ಅವಳಿಗೆಂದು ತಂದಿದ್ದ ಎರಡನೇ ಹಾರವನ್ನು ನನಗೆ ಹಾಕಿದರು. ಮರುದಿನದಿಂದ ಬಸ್ಸಿನಲ್ಲೂ ಇದೇ ಮಾತು. ಹೋಟಗಿ ಎಂಬ ಊರಿನ ಪ್ರಯಾಣಿಕರೊಬ್ಬರು, ಮಗ ಹನ್ನೆರಡನೇ ಇಯತ್ತೆಯಲ್ಲಿ ನಪಾಸಾದನೆಂದು ಮನೆಗೆ ಪೇಢೆ ಒಯ್ದರಂತೆ. "ನಿಮ್ಮನ್ನ ನೋಡಿ ಕಲ್ತೀನ್ರಿ," ಎಂದು ನನ್ನ ಕೈ ಹಿಡಿದುಕೊಂಡರು. ಆ ಹುಡುಗನಿಗೆ ಒಳ್ಳೆಯದಾಗಲಿ. ನನಗೆ ಮಾತ್ರ ಊಟ ಸೇರಲಿಲ್ಲ. ನಿಜ ಹೇಳಿದರೆ ಮಗಳು ಗ್ಲೌಸು ತೆಗೆದಿಡುತ್ತಾಳೆ. ಹೇಳದಿದ್ದರೆ ನಾನು ದಿನಾ ಅವಳ ಮುಖ ನೋಡಬೇಕು.

ನನ್ನ ರಜೆಯ ದಿನ ಬೆಳಿಗ್ಗೆ ಅವಳು ಮೊಬೈಲು ಹಿಡಿದು ಪಕ್ಕದಲ್ಲಿ ಬಂದು ಕೂತಳು. ಆ ಪಂದ್ಯದ ವಿಡಿಯೋ ಕೋಚು ಕಳಿಸಿದ್ದರಂತೆ. "ಅಪ್ಪಾ, ನಿನಗ ಯಾವ ಹೊಡ್ತ ಚೊಲೋ ಅನಸ್ತು?" ಎಂದು ಕೇಳಿದಳು. ಆಟವನ್ನು ನಾನು ಕಣ್ಣು ತುಂಬಾ ನೋಡಿದ್ದೆನಲ್ಲ, ಯೋಚಿಸಲೇ ಇಲ್ಲ. "ಎರಡನೇ ರೌಂಡಿನ್ಯಾಗ, ಹಗ್ಗದ ಹತ್ರ, ಎಡಗೈಲೆ ಒಂದ ಹಾಕಿದ್ಯಲ್ಲ. ಎದುರಿನಾಕಿ ಮಾರೀನ ತಿರುಗಿಬಿಡ್ತು."

ರೇಣುಕಾ ವಿಡಿಯೋ ನಿಲ್ಲಿಸಿದಳು. ದವಡೆಯ ಮೇಲೆ ಬೆರಳಿಟ್ಟುಕೊಂಡಳು. ಅಲ್ಲಿ ಇನ್ನೂ ಸ್ವಲ್ಪ ಹಳದಿ ಕಲೆ ಇತ್ತು. "ಅದು ಆಕಿ ಹೊಡದಿದ್ದು ಅಪ್ಪಾ. ತಿರುಗಿದ್ದು ನನ್ನ ಮಾರಿ."

ಅವಳು ನನ್ನನ್ನೇ ನೋಡುತ್ತಿದ್ದಳು. "ಮತ್ತ ಆ ಪಟಾಕಿ?" ಎಂದಳು. "ಆಕಿಗಿ," ಎಂದೆ. ಎದ್ದು ಹೋಗುತ್ತಾಳೆ ಎಂದುಕೊಂಡೆ. ಬೈದಿದ್ದರೂ ಆಗುತ್ತಿತ್ತು. ಅವಳು ಮೂಗನ್ನು ಹೆಗಲಿಗೆ ಒರೆಸಿಕೊಂಡು, ವಿಡಿಯೋವನ್ನು ಮೊದಲಿನಿಂದ ಹಚ್ಚಿ ನನ್ನ ಕೈಗೆ ಕೊಟ್ಟಳು. "ನೀಲಿ ಬನಿಯನ್ ನಂದು. ಈಗ ನೋಡು."

ನೋಡಿದೆ. ಮೊದಲ ಏಟು ಬೀಳುವಾಗ ಕಣ್ಣು ತಾನಾಗಿ ಮುಚ್ಚಿತು. "ಕಣ್ಣ ಮುಚ್ಚಬ್ಯಾಡ," ಎಂದಳು. ಒಂಬತ್ತು ನಿಮಿಷದ ಆಟ ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಮೂರನೇ ಸುತ್ತಿನಲ್ಲಿ ಕೆಂಪು ಹುಡುಗಿ ಅವಳನ್ನು ಮೂಲೆಗೆ ಒತ್ತಿದಾಗ, "ಹೊಡಿ ರೇಣು, ಹೊಡಿ," ಎಂದು ನನ್ನ ಬಾಯಿಂದ ಬಂದೇ ಬಿಟ್ಟಿತು. ಮಗಳು ನಗಲಿಲ್ಲ. ಅವಳು ಸೋತು ಆಗಲೇ ಹದಿನೇಳು ದಿನವಾಗಿತ್ತು.